ಬಿದ್ದವನ ಭಕ್ತಿ: ‘ಯಾತ್ರಿಕನ ಸಂಚಾರ’ವನ್ನು ಕುರಿತು

ಭಕ್ತಿಯನ್ನು ಕುರಿತ ಗ್ರಂಥಗಳು ಎಲ್ಲ ಮತಗಳಲ್ಲಿಯೂ ಹೇರಳವಾಗಿರುವುವು. ಅವುಗಳಲ್ಲಿ ಹೆಚ್ಚಿನವು ಎರಡು ಕ್ಷಣಗಳನ್ನು ವರ್ಣಿಸುವುದರಲ್ಲಿಯೇ ತಮ್ಮ ಶಕ್ತಿಯನ್ನೆಲ್ಲ ವ್ಯಯಮಾಡುವುವು. ಒಂದು, ಮನುಷ್ಯನು ಲೋಕದಿಂದ ದೇವರ ಕಡೆಗೆ ತಿರುಗಿದ ಕ್ಷಣ. ಇನ್ನೊಂದು, ಅವನು ಗುರಿಯನ್ನು ಮುಟ್ಟಿ ಕೃತಾರ್ಥನಾದ ಕ್ಷಣ. ಇವೆರಡರ ನಡುವಣ ದೀರ್ಘವಾದ ಕಾಲವನ್ನು ಕುರಿತು ಅವು ಮೌನವಾಗಿರುವುದೇ ಹೆಚ್ಚು. ಆದರೆ ಸಾಮಾನ್ಯರಾದ ಭಕ್ತರ ಬಾಳೆಲ್ಲ ಕಳೆಯುವುದು ಆ ನಡುವಣ ಕಾಲದಲ್ಲಿಯೇ. ದೇವರ ಸನ್ನಿಧಿಯಲ್ಲಿ ಮಾತು ಕೊಟ್ಟವನು ಮಾತಿಗೆ ತಪ್ಪುತ್ತಾನೆ. ಕುಡಿತವನ್ನು ಬಿಟ್ಟವನು ಮತ್ತೆ ಕುಡಿಯುತ್ತಾನೆ. ಸತ್ಯವನ್ನೇ ನುಡಿವೆನೆಂದವನು ಹೆದರಿ ಸುಳ್ಳಾಡುತ್ತಾನೆ. ಹಾಗಾದ ಮರುದಿನ ಬೆಳಗ್ಗೆ ಅವನು ಮಾಡತಕ್ಕದ್ದೇನು? ತಾನು ಇನ್ನು ಭಕ್ತನೇ ಅಲ್ಲವೆಂದು ಗುಡಿಗೂ ದೇವಾಲಯಕ್ಕೂ ಬೆನ್ನು ತಿರುಗಿಸತಕ್ಕದ್ದೆ? ಏನೂ ನಡೆಯಲಿಲ್ಲವೆಂಬಂತೆ ಮುಖವನ್ನು ತೊಳೆದುಕೊಂಡು ಹಿಂದಿನ ಜಾಗದಲ್ಲಿಯೇ ಹೋಗಿ ಕುಳಿತುಕೊಳ್ಳತಕ್ಕದ್ದೆ? ಮೊದಲನೆಯದು ನಿರಾಶೆ, ಎರಡನೆಯದು ಕಪಟ. ಇವೆರಡಕ್ಕೂ ಹೊರತಾದ ದಾರಿಯೊಂದಿದೆಯೆಂಬುದನ್ನು ತೋರಿಸಿಕೊಡುವ ಗ್ರಂಥಗಳು ವಿರಳ. ಅಂಥ ವಿರಳ ಗ್ರಂಥಗಳಲ್ಲಿ ಜಾನ್ ಬನಿಯನ್ನನ ‘ಯಾತ್ರಿಕನ ಸಂಚಾರ’ವು ಒಂದು.

ಈ ಪ್ರಶ್ನೆ ಕ್ರೈಸ್ತಮತಕ್ಕೆ ಮಾತ್ರ ಸೇರಿದುದೆಂದು ವಾಚಕರು ಭಾವಿಸಬೇಕಾದುದಿಲ್ಲ. ಚಿತ್ರದುರ್ಗದ ಸೀಮೆಯವರಿಗೆ ಇದರ ಅತ್ಯಂತ ಪ್ರಾಚೀನವಾದ ಸಾಕ್ಷ್ಯವು ಅವರ ಮನೆಯ ಬಳಿಯಲ್ಲಿಯೇ ಇರುವುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರೆಹವು ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಮೂಲಕ ಇಸಿಲದ ಮಹಾಮಾತ್ರರಿಗೆ ಬಂದುದು. ಅವರ ಆರೋಗ್ಯವನ್ನು ವಿಚಾರಿಸಿ ಬಳಿಕ ವಿಷಯಕ್ಕೆ ತೊಡಗುವುದು. ಅದರಲ್ಲಿ ಚಕ್ರವರ್ತಿಯು ಹೇಳಿಕೊಳ್ಳುವುದೇನೆಂದರೆ: ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗಿಂತ ಮೇಲಾಯಿತು, ಆದರೆ ಒಂದು ವರ್ಷದ ಕಾಲ ತಾನು ಹೆಚ್ಚಾಗಿ ಪ್ರಯತ್ನಪಡಲಿಲ್ಲ, ಸಂಘದ ಸಮೀಪಕ್ಕೆ ಬಂದ ಮೇಲೆ, ಒಂದು ವರ್ಷಕ್ಕೂ ಮೇಲ್ಪಟ್ಟು, ಚೆನ್ನಾಗಿ ಪ್ರಯತ್ನಪಟ್ಟಿರುವೆನು. ಈ ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರೆಯುವುದೆಂದು ಶಾಸನವು ಮುಂದುವರಿಯುವುದು.

ಕಲಿಂಗಯುದ್ಧದ ಪಶ್ಚಾತ್ತಾಪವನ್ನು ಹೇಳುವ ಪ್ರಸಿದ್ಧವಾದ ಶಾಸನವು ಬೇರೆ. ಅದು ಈ ಬಂಡೆಗಳ ಮೇಲೆ ಇಲ್ಲ. ಇಲ್ಲಿರುವುದು ಅಷ್ಟು ಭಯಂಕರವಲ್ಲದ, ಆದುದರಿಂದಲೇ ಹೆಚ್ಚು ಜನಕ್ಕೆ ಸಲ್ಲುವ ಒಂದು ಲೋಪದ ಒಪ್ಪಿಗೆ. ಧರ್ಮವನ್ನು ಸ್ವೀಕರಿಸಿ ಒಂದು ವರ್ಷ ಸುಮ್ಮನೆ ಕುಳಿತಿದ್ದೆನೆಂದು ರಾಜಾಧಿರಾಜನು ಕಲ್ಲಿನ ಮೇಲೆ ಕೆತ್ತಿಸಿರುವನು. ಆ ಒಪ್ಪಿಗೆಗೆ ಒಂದೇ ವಾಕ್ಯ ಸಾಕಾಗಿದೆ. ಅದನ್ನು ಮುಚ್ಚಿಡಲಿಲ್ಲ, ಅದರಲ್ಲಿ ಹೊರಳಾಡಲೂ ಇಲ್ಲ; ಹೇಳಬೇಕಾದಷ್ಟನ್ನು ಹೇಳಿ ಮುಂದಿನ ವಾಕ್ಯಕ್ಕೆ ಹೋದನು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆಯೇ ಜಟಾಯುವು ರಾವಣನೊಡನೆ ಹೋರಾಡಿ ಬಿದ್ದನೆಂದು ಸ್ಥಳದವರು ಹೇಳುವ ಕಥೆಯನ್ನು ಇದರೊಡನೆ ನೆನೆಯಬಹುದು. ಹಿಡಿದ ಕಾರ್ಯದಲ್ಲಿ ಜಟಾಯುವು ಸೋತನು, ಸೀತೆಯನ್ನು ಉಳಿಸಲಾಗಲಿಲ್ಲ. ಆದರೂ ರೆಕ್ಕೆ ಮುರಿದು ಬಿದ್ದವನು ರಾಮನು ಬರುವವರೆಗೆ ಉಸಿರು ಹಿಡಿದಿದ್ದು, ಹೇಳಬೇಕಾದ ಒಂದು ಮಾತನ್ನು ಹೇಳಿದನು. ಸೋತ ಮೇಲೆಯೂ ಸೇವೆಯಲ್ಲಿ ನಿಂತವನ ಕಥೆ ಈ ನೆಲಕ್ಕೆ ಹೊಸದಲ್ಲ. ಆದಕಾರಣ ಬನಿಯನ್ನನ ಗ್ರಂಥವನ್ನು ಇಲ್ಲಿಯ ವಾಚಕನು ಪರದೇಶದ ವಸ್ತುವೆಂದು ದೂರವಿಡಲು ಕಾರಣವಿಲ್ಲ.

ಗ್ರಂಥಕರ್ತನ ಚರಿತ್ರೆಯನ್ನು ಸ್ವಲ್ಪ ತಿಳಿದಿರುವುದು ಅವಶ್ಯ. ಬನಿಯನ್ನನು 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡಿನ ಸಮೀಪದಲ್ಲಿ ಹುಟ್ಟಿದವನು. ತೂತುಬಿದ್ದ ಪಾತ್ರೆಗಳನ್ನು ಬೆಸೆದು ಸರಿಮಾಡುವುದು ಅವನ ಕಸುಬು. ಅಪ್ಪಣೆಯಿಲ್ಲದೆ ಬೋಧನೆ ಮಾಡಿದನೆಂಬ ಅಪರಾಧಕ್ಕಾಗಿ 1660ರಿಂದ 1672ರವರೆಗೆ ಸೆರೆಯಲ್ಲಿದ್ದನು. ಇನ್ನು ಬೋಧಿಸುವುದಿಲ್ಲವೆಂದು ಒಪ್ಪಿದ್ದರೆ ಬಿಡುಗಡೆಯಾಗುತ್ತಿದ್ದಿತು, ಅವನು ಒಪ್ಪಲಿಲ್ಲ. ಇಷ್ಟನ್ನೇ ಕೇಳಿದವರು ಅವನನ್ನು ಅಚಲವಾದ ವಿಶ್ವಾಸದ ವೀರನೆಂದು ತಿಳಿದಾರು. ಆದರೆ ಸೆರೆಯಲ್ಲಿದ್ದಾಗಲೇ, 1666ರಲ್ಲಿ, ಪ್ರಕಟವಾದ ಅವನ ಆತ್ಮಕಥೆಯು ಬೇರೊಂದು ಮುಖವನ್ನು ತೋರಿಸುವುದು. ಕ್ರಿಸ್ತನನ್ನು ಮಾರಿಬಿಡು ಎಂಬ ಒಂದು ಒಳದನಿಯು ತನ್ನನ್ನು ಹಗಲಿರುಳೂ ಕಾಡಿತೆಂದೂ, ಕೊನೆಗೊಂದು ಬೆಳಗ್ಗೆ ದಣಿದು, ಹೋಗುವುದಾದರೆ ಹೋಗಲಿ ಎಂದು ತನ್ನ ಮನಸ್ಸು ಒಪ್ಪಿತೆಂದೂ ಅವನು ಅಲ್ಲಿ ಬರೆದಿರುವನು. ಒಂದು ಊಟಕ್ಕಾಗಿ ಜ್ಯೇಷ್ಠತ್ವದ ಹಕ್ಕನ್ನು ಮಾರಿದ ಏಸಾವನ ಗತಿಯೇ ತನಗೂ ಆಯಿತೆಂದು ಅವನು ಬಹುಕಾಲ ನರಳಿದನು. ಹೊರಗಿನವರ ಕಣ್ಣಿಗೆ ಇದು ಅಪರಾಧವೇ ಅಲ್ಲ. ಅವನಿಗೆ ಮಾತ್ರ ಇದಕ್ಕಿಂತ ದೊಡ್ಡ ಪತನವಿರಲಿಲ್ಲ. 1678ರಲ್ಲಿ ‘ಯಾತ್ರಿಕನ ಸಂಚಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದವನು ಈ ಅನುಭವವುಳ್ಳವನು. ತೂತುಗಳನ್ನು ಬೆಸೆಯುವವನ ಕಣ್ಣು ಪುಸ್ತಕದುದ್ದಕ್ಕೂ ಕಾಣುವುದು.

ಈ ಗ್ರಂಥವು ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಪ್ರಯತ್ನದಿಂದ ಕನ್ನಡಕ್ಕೆ ಬಂದಿತು. ಕನ್ನಡ ನಾಡಿನಲ್ಲಿ ಆ ಕೆಲಸದ ಹಳೆಯ ಕೇಂದ್ರಗಳಲ್ಲೊಂದಾದ ಬಳ್ಳಾರಿಯು ಈ ಸೀಮೆಗೆ ನೆರೆಯೂರು. ಚಳ್ಳಕೆರೆಯಿಂದ ಹೊರಟ ಹೆದ್ದಾರಿಯು ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವನ್ನು ಹಾದು ಅಲ್ಲಿಗೆ ಸೇರುವುದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಿಸುವ ಕಾರ್ಯದಲ್ಲಿ ವರ್ಷಗಟ್ಟಲೆ ದುಡಿದನು. ವಚನಕಾರರ ಗದ್ಯವೂ ಚಂಪೂಕಾವ್ಯಗಳ ಗದ್ಯವೂ ಇದ್ದ ಭಾಷೆಯಲ್ಲಿ, ದಾರಿಹೋಕನೊಬ್ಬನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಆಡುಮಾತಿಗೆ ಸಮೀಪವಾದ ಗದ್ಯದಲ್ಲಿ ಹೇಳಿಕೊಂಡು ಹೋಗುವ ಪುಸ್ತಕವು ಆ ಕಾಲಕ್ಕೆ ಹೊಸದಾಗಿದ್ದಿತು.

ಕಥೆಯ ಚೌಕಟ್ಟು ಸರಳವಾದುದು. ಬೆನ್ನಿನ ಮೇಲೆ ಪಾಪದ ಹೊರೆಯನ್ನು ಹೊತ್ತ ಒಬ್ಬನು ನಾಶವಾಗಲಿರುವ ತನ್ನ ಊರನ್ನು ಬಿಟ್ಟು ದಿವ್ಯನಗರದ ಕಡೆಗೆ ನಡೆಯುವನು. ಅವನ ಹೆಸರೇ ಕ್ರೈಸ್ತ. ವಿಮರ್ಶಕನು ಗಮನಿಸಬೇಕಾದ ಸಂಗತಿಯೆಂದರೆ, ಈ ಯಾತ್ರಿಕನು ಹೆಜ್ಜೆಹೆಜ್ಜೆಗೂ ಎಡವುವನೆಂಬುದು. ಊರು ಬಿಟ್ಟೊಡನೆಯೇ ವಿಷಾದದ ಕೆಸರಿನಲ್ಲಿ ಬೀಳುವನು. ಅಲ್ಲಿಂದ ಎದ್ದು ಹೊರಟವನು ಲೋಕಜ್ಞಾನಿಯೊಬ್ಬನ ಮಾತಿಗೆ ಮರುಳಾಗಿ ದಾರಿಯನ್ನೇ ಬಿಡುವನು. ಹೊರೆ ಕಳಚಿದ ಮೇಲೆಯೂ ಬೀಳುವುದು ನಿಲ್ಲುವುದಿಲ್ಲ. ಕಡಿದಾದ ಗುಡ್ಡದ ನಡುವೆ ದಣಿದವರಿಗಾಗಿ ಕಟ್ಟಿದ ಮಂಟಪದಲ್ಲಿ ಕುಳಿತು ನಿದ್ದೆಹೋಗುವನು. ನಿದ್ದೆಯಲ್ಲಿ ಅವನ ಕೈಯಿಂದ ಪತ್ರದ ಸುರುಳಿಯು ಜಾರುವುದು. ದಿವ್ಯನಗರದ ಬಾಗಿಲಲ್ಲಿ ತೋರಿಸಬೇಕಾದುದು ಆ ಸುರುಳಿಯೇ.

ಸುರುಳಿಯನ್ನು ಕಳೆದುಕೊಂಡ ಈ ಪ್ರಸಂಗವು ಬನಿಯನ್ನನ ಸೂಕ್ಷ್ಮದೃಷ್ಟಿಗೆ ಒಳ್ಳೆಯ ನಿದರ್ಶನ. ಮಂಟಪವು ಶತ್ರುವಿನ ಬಲೆಯಲ್ಲ. ಗುಡ್ಡದ ಒಡೆಯನೇ ಯಾತ್ರಿಕರ ದಣಿವಾರಲೆಂದು ಕಟ್ಟಿಸಿದುದು. ಒಳ್ಳೆಯದಕ್ಕೆಂದು ಇದ್ದುದನ್ನೇ ಯಾತ್ರಿಕನು ಮಿತಿಮೀರಿ ಬಳಸಿದನು. ಭಕ್ತರ ಲೋಪಗಳಲ್ಲಿ ಬಹುಪಾಲು ಈ ಬಗೆಯವು. ಇನ್ನೂ ಮುಖ್ಯವಾದುದು ಅನಂತರದ ನಡೆವಳಿ. ಸುರುಳಿಯಿಲ್ಲವೆಂದು ತಿಳಿದ ಕೂಡಲೇ ಅವನು ಮಂಡಿಯೂರಿ ಕ್ಷಮೆ ಬೇಡುವನು. ಬೇಡಿದ ಬಳಿಕ ಅಲ್ಲಿಯೇ ಅಳುತ್ತ ಕೂಡದೆ, ಬಂದ ದಾರಿಯಲ್ಲಿ ಹಿಂದಕ್ಕೆ ನಡೆದು, ಮಲಗಿದ್ದ ಜಾಗದಲ್ಲಿ ಕಣ್ಣಿಟ್ಟು ಹುಡುಕಿ ಸುರುಳಿಯನ್ನು ಎತ್ತಿಕೊಳ್ಳುವನು. ಒಮ್ಮೆ ನಡೆದರೆ ಸಾಕಾಗಿದ್ದ ದಾರಿಯನ್ನು ಮೂರು ಸಲ ನಡೆಯಬೇಕಾಯಿತಲ್ಲಾ ಎಂದು ಮರುಗುವನು. ಹೊತ್ತು ಮುಳುಗುವುದು, ಕತ್ತಲೆಯಲ್ಲಿ ನಡೆಯಬೇಕಾಗುವುದು. ಕ್ಷಮೆ ದೊರೆತರೂ ಕಳೆದ ಹಗಲು ಮರಳಿ ಬರಲಿಲ್ಲ. ಕ್ಷಮೆಯೂ ತಪ್ಪಿನ ಫಲವೂ ಒಟ್ಟಿಗೆ ಇರಬಲ್ಲುವೆಂಬ ಈ ಸತ್ಯವನ್ನು ಉಪದೇಶದ ಮಾತಿಲ್ಲದೆ, ಒಂದು ಗುಡ್ಡ, ಒಂದು ಮಂಟಪ, ಒಂದು ಸಂಜೆ ಇವುಗಳಿಂದಲೇ ಗ್ರಂಥಕರ್ತನು ತೋರಿಸಿರುವನು.

ಇದಕ್ಕಿಂತಲೂ ಗಂಭೀರವಾದ ಭಾಗವು ತಗ್ಗಿನ ಕಣಿವೆಯಲ್ಲಿ ಅಪೊಲ್ಲಿಯೋನನೆಂಬ ರಾಕ್ಷಸನೊಡನೆ ನಡೆಯುವ ಸಂವಾದ. ಹೋರಾಟಕ್ಕೆ ಮೊದಲು ರಾಕ್ಷಸನು ನ್ಯಾಯಸ್ಥಾನದ ವಕೀಲನಂತೆ ಯಾತ್ರಿಕನ ತಪ್ಪುಗಳ ಪಟ್ಟಿಯನ್ನು ಓದುವನು: ಕೆಸರಿನಲ್ಲಿ ಧೈರ್ಯಗೆಟ್ಟೆ, ಹೊರೆಯನ್ನು ಇಳಿಸಿಕೊಳ್ಳಲು ಅಡ್ಡದಾರಿ ಹಿಡಿದೆ, ನಿದ್ದೆಹೋಗಿ ಬೆಲೆಯುಳ್ಳದ್ದನ್ನು ಕಳೆದೆ, ಸಿಂಹಗಳನ್ನು ಕಂಡು ಹಿಂದಿರುಗಲು ಅಣಿಯಾಗಿದ್ದೆ, ನಿನ್ನ ಯಾತ್ರೆಯ ಕಥೆಯನ್ನು ಹೇಳಿಕೊಳ್ಳುವಾಗಲೂ ಒಳಗೊಳಗೆ ಹೊಗಳಿಕೆಯನ್ನು ಬಯಸುವೆ. ಈ ಪಟ್ಟಿಯಲ್ಲಿ ಸುಳ್ಳೆಂಬುದು ಒಂದೂ ಇಲ್ಲ. ಇದನ್ನು ಓದುವ ವಾಚಕನು ನಾಯಕನಿಂದ ಪ್ರತಿವಾದವನ್ನು ನಿರೀಕ್ಷಿಸುವನು. ಯಾತ್ರಿಕನು ವಾದಿಸುವುದಿಲ್ಲ. ಇದೆಲ್ಲವೂ ನಿಜ, ನೀನು ಬಿಟ್ಟಿರುವುದು ಇನ್ನೂ ಎಷ್ಟೋ ಇದೆ, ಆದರೆ ತಾನು ಸೇವಿಸುವ ಪ್ರಭುವು ಕರುಣಾಳು, ಕ್ಷಮಿಸಲು ಸಿದ್ಧನಾಗಿರುವವನು ಎಂಬರ್ಥದ ಉತ್ತರವನ್ನು ಕೊಡುವನು.

ಈ ಉತ್ತರದಲ್ಲಿ ಗ್ರಂಥದ ತಿರುಳೆಲ್ಲ ಅಡಗಿರುವುದು. ಆರೋಪಿಸುವವನ ಬಲವೆಲ್ಲ ಆರೋಪಿಯು ಮುಚ್ಚಿಟ್ಟುದರಲ್ಲಿದೆ. ಮುಚ್ಚಿಟ್ಟುದು ಇಲ್ಲವಾದಾಗ ಪಟ್ಟಿಯ ಬಲವೂ ಇಲ್ಲವಾಗುವುದು. ತನ್ನ ಯೋಗ್ಯತೆಯ ಮೇಲೆ ನಿಂತ ಭಕ್ತಿಯು ಯೋಗ್ಯತೆ ಮುರಿದ ದಿನ ತಾನೂ ಮುರಿಯುವುದು. ಒಡೆಯನ ಗುಣದ ಮೇಲೆ ನಿಂತ ಭಕ್ತಿಗೆ ಸೇವಕನ ಸೋಲು ಕೊನೆಯ ಮಾತಾಗಲಾರದು. ಹಾಗೆಂದು ಬನಿಯನ್ನನು ಹೋರಾಟವನ್ನು ಬಿಟ್ಟುಕೊಡಲಿಲ್ಲ. ಉತ್ತರದ ಬಳಿಕ ಅರ್ಧ ದಿನದ ಕಾಳಗ ನಡೆಯುವುದು, ಯಾತ್ರಿಕನಿಗೆ ಗಾಯಗಳಾಗುವುವು, ಕತ್ತಿಯು ಕೈಯಿಂದ ಹಾರಿಬೀಳುವುದು. ನೆಲದ ಮೇಲೆ ಬಿದ್ದವನು ಕೈಚಾಚಿ ಅದನ್ನು ಮತ್ತೆ ಹಿಡಿಯುವನು. ಗೆಲುವು ಬರುವುದು ಆ ಮೇಲೆ.

ದುರ್ಗದ ಸೀಮೆಯವರಿಗೆ ವಿಶೇಷವಾಗಿ ಹತ್ತಿರವೆನಿಸತಕ್ಕದ್ದು ಸಂಶಯದುರ್ಗದ ಕಥೆ. ಕೋಟೆಯೆಂದರೆ ಏನು, ಅದರ ಬಾಗಿಲ ಮೇಲೆ ಬಾಗಿಲು ಎಂದರೆ ಏನು ಎಂಬುದನ್ನು ಅವರಿಗೆ ವಿವರಿಸಬೇಕಾದುದಿಲ್ಲ. ಯಾತ್ರಿಕನು ತನ್ನ ಜೊತೆಗಾರನಾದ ಆಶಾವಂತನೊಡನೆ ನಡೆಯುತ್ತಿರುವಾಗ ದಾರಿ ಕಲ್ಲುಮುಳ್ಳಾಗುವುದು; ಪಕ್ಕದಲ್ಲಿ ಮೆತ್ತನೆಯ ಹುಲ್ಲುಗಾವಲು ಕಾಣುವುದು. ಬೇಲಿ ದಾಟಿ ಆ ಕಡೆ ಹೋಗೋಣವೆಂದು ಹೇಳುವವನು ಯಾತ್ರಿಕನೇ, ಹಿಂಜರಿಯುವವನು ಆಶಾವಂತನು. ರಾತ್ರಿ ಮಳೆಯೂ ನೆರೆಯೂ ಬಂದು, ಬೆಳಗಾಗುವಾಗ ಇಬ್ಬರೂ ನಿರಾಶೆಯೆಂಬ ದೈತ್ಯನ ಕೈಗೆ ಸಿಕ್ಕುವರು. ಬುಧವಾರದ ಬೆಳಗಿನಿಂದ ಶನಿವಾರದ ರಾತ್ರಿಯವರೆಗೆ ಅನ್ನನೀರಿಲ್ಲ, ಬೆಳಕಿಲ್ಲ. ದೈತ್ಯನು ಹೊಡೆಯುವನು, ಇನ್ನು ಬದುಕಿ ಪ್ರಯೋಜನವಿಲ್ಲ, ನಿಮ್ಮ ಕೈಯಾರೆ ಮುಗಿಸಿಕೊಳ್ಳಿ ಎಂದು ಬುದ್ಧಿ ಹೇಳುವನು. ಯಾತ್ರಿಕನು ಆ ಮಾತಿಗೆ ಬಾಗುವ ಸ್ಥಿತಿಗೆ ಬರುವನು. ಆಗ ಅವನನ್ನು ಹಿಡಿದು ನಿಲ್ಲಿಸುವವನು, ಅವನಿಂದಲೇ ದಾರಿ ತಪ್ಪಿದ ಜೊತೆಗಾರನು. ದಾರಿ ತಪ್ಪಿಸಿದೆಯೆಂದು ಆಶಾವಂತನು ಒಂದು ಸಲವೂ ಮೂದಲಿಸುವುದಿಲ್ಲ. ಅಪೊಲ್ಲಿಯೋನನನ್ನು ಎದುರಿಸಿದ ಧೈರ್ಯವನ್ನು ನೆನಪಿಗೆ ತಂದು, ಇನ್ನೊಂದು ದಿನ ತಾಳು ಎನ್ನುವನು. ಬಿದ್ದವನ ಬಳಿಯಲ್ಲಿ ಇರತಕ್ಕವರು ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಕ್ಕುವುದು ಕಷ್ಟ.

ಶನಿವಾರದ ನಡುರಾತ್ರಿಯಲ್ಲಿ ಇಬ್ಬರೂ ಪ್ರಾರ್ಥನೆಗೆ ತೊಡಗುವರು. ಬೆಳಗಾಗಲು ಸ್ವಲ್ಪ ಹೊತ್ತಿರುವಾಗ ಯಾತ್ರಿಕನಿಗೆ ಥಟ್ಟನೆ ನೆನಪಾಗುವುದು: ವಾಗ್ದಾನವೆಂಬ ಬೀಗದ ಕೈಯು ಇಷ್ಟು ದಿನವೂ ತನ್ನ ಎದೆಯಲ್ಲಿಯೇ ಇದ್ದಿತು! ಒಳಗಣ ಬಾಗಿಲು ತೆರೆಯಿತು. ಅಂಗಳದ ಬಾಗಿಲು ತೆರೆಯಿತು. ಹೊರಗಣ ಕಬ್ಬಿಣದ ಬಾಗಿಲು ಬಹಳ ಬಿಗಿಯಾಗಿದ್ದರೂ ತೆರೆಯಿತು. ಹೊಸದಾಗಿ ಏನನ್ನೂ ಸಂಪಾದಿಸಬೇಕಾಗಿರಲಿಲ್ಲ. ಕೊಟ್ಟಿದ್ದುದನ್ನು ಮರೆಯದಿದ್ದರೆ ಸಾಕಾಗಿದ್ದಿತು. ಹೊರಗೆ ಬಂದ ಮೇಲೆ ಅವರು ಮಾಡುವ ಮೊದಲನೆಯ ಕೆಲಸ, ತಾವು ದಾಟಿದ ಬೇಲಿಯ ಬಳಿ ಕಂಬವೊಂದನ್ನು ನಿಲ್ಲಿಸಿ, ಈ ದಾರಿ ಎಲ್ಲಿಗೆ ಹೋಗುವುದೆಂದು ಮುಂದಿನವರಿಗಾಗಿ ಬರೆದಿಡುವುದು. ಬ್ರಹ್ಮಗಿರಿಯ ಬಂಡೆಯೂ ಇಂಥದೇ ಒಂದು ಕಂಬವೆನ್ನಬಹುದು. ತನ್ನ ಸೋಲನ್ನು ಮತ್ತೊಬ್ಬನಿಗೆ ದಾರಿಗುರುತಾಗಿ ಮಾಡಿದವನು ಅದರ ಸೆರೆಯಿಂದ ನಿಜವಾಗಿಯೂ ಹೊರಬಂದವನು.

ಬನಿಯನ್ನನು ಈ ದೃಷ್ಟಿಯನ್ನು ತಾನಾಗಿ ಕಲ್ಪಿಸಿದುದಲ್ಲ. ಅದರ ಮೂಲವು ಸುವಾರ್ತೆಗಳಲ್ಲಿ ಪೇತ್ರನ ಚರಿತ್ರೆಯಲ್ಲಿರುವುದು. ಎಲ್ಲರೂ ಬಿಟ್ಟರೂ ತಾನು ಬಿಡೆನೆಂದು ಹೇಳಿದ ಪೇತ್ರನು, ಗುರುವನ್ನು ಹಿಡಿದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತ, ಅವನನ್ನು ಅರಿಯೆನೆಂದು ಮೂರು ಸಲ ಹೇಳಿದನು. ಕೋಳಿ ಕೂಗಿತು, ಪೇತ್ರನು ಅತ್ತನು. ಆ ರಾತ್ರಿಯ ಇನ್ನೊಬ್ಬ ಅಪರಾಧಿ ಯೂದನು. ಅವನೂ ಮರುಗಿದನು, ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ಕೊಟ್ಟನು, ತಪ್ಪನ್ನು ಬಾಯಿಬಿಟ್ಟು ಒಪ್ಪಿದನು. ಮರುಕದಲ್ಲಿ ಇಬ್ಬರಿಗೂ ಅಂತರವಿಲ್ಲ. ಯೂದನು ತನ್ನ ತೀರ್ಪನ್ನು ತಾನೇ ಬರೆದುಕೊಂಡು ಸತ್ತನು. ಪೇತ್ರನು ಅಳುತ್ತಲೇ ಉಳಿದ ಶಿಷ್ಯರೊಡನೆ ಇದ್ದನು. ಯೋಹಾನನ ಸುವಾರ್ತೆಯ ಕೊನೆಯಲ್ಲಿ, ಸರೋವರದ ದಡದಲ್ಲಿ, ಎದ್ದುಬಂದ ಯೇಸು ಇದ್ದಲಿನ ಬೆಂಕಿಯನ್ನು ಮಾಡಿ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆಯುವನು. ನನ್ನನ್ನು ಪ್ರೀತಿಸುವೆಯಾ ಎಂದು ಪೇತ್ರನನ್ನು ಮೂರು ಸಲ ಕೇಳುವನು. ಮೊದಲಣ ಇದ್ದಲ ಬೆಂಕಿಯನ್ನು ಹೇಳಿದವನೂ ಯೋಹಾನನೇ. ಬಿದ್ದ ಜಾಗಕ್ಕೆ ಕರೆತಂದು, ಬಿದ್ದಷ್ಟೇ ಸಲ ಎಬ್ಬಿಸಿ, ಮೇಲಾಗಿ ಕುರಿಗಳನ್ನು ಕಾಯುವ ಕೆಲಸವನ್ನೂ ವಹಿಸಿದುದು ಇಲ್ಲಿಯ ವಿಶೇಷ. ಯಾತ್ರಿಕನು ಮಂಟಪಕ್ಕೆ ಹಿಂದಿರುಗಿ ಸುರುಳಿಯನ್ನು ಹುಡುಕುವುದು ಈ ಕಥೆಯ ಪ್ರತಿಧ್ವನಿಯಂತಿದೆ.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳಬೇಕು. ರೂಪಕಕಥೆಯ ದೊಡ್ಡ ತೊಡಕೆಂದರೆ ಪಾತ್ರಗಳ ಹೆಸರೇ ಅವರ ಹಣೆಬರೆಹವಾಗುವುದು. ಕೆಸರಿನಲ್ಲಿ ಯಾತ್ರಿಕನೊಡನೆ ಬಿದ್ದ ಚಂಚಲನು ಎದ್ದು ಮನೆಗೆ ಓಡಿಹೋಗುವನು. ಅವನ ಹೆಸರು ಚಂಚಲನಾದುದರಿಂದ ಮತ್ತೊಮ್ಮೆ ಹೊರಡುವ ಅವಕಾಶವೇ ಅವನಿಗಿಲ್ಲ. ವ್ಯಾಖ್ಯಾನಕಾರನ ಮನೆಯಲ್ಲಿ ಕಬ್ಬಿಣದ ಪಂಜರದೊಳಗೆ ಕುಳಿತಿರುವ ಮನುಷ್ಯನ ಚಿತ್ರವು ಇನ್ನೂ ಕಠಿನವಾದುದು. ಹಿಂದೆ ಭಕ್ತನಾಗಿದ್ದ ಅವನು ಈಗ ತನಗೆ ಕ್ಷಮೆಯೇ ಇಲ್ಲವೆಂದು ಹೇಳಿಕೊಳ್ಳುವನು. ಗ್ರಂಥಕರ್ತನು ಅವನನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವನು. ನೊಂದ ವಾಚಕನೊಬ್ಬನು ತನ್ನನ್ನು ಯಾತ್ರಿಕನಲ್ಲಿ ಕಾಣುವುದಕ್ಕೆ ಬದಲಾಗಿ ಈ ಪಂಜರದಲ್ಲಿ ಕಂಡರೆ ಪುಸ್ತಕವೇ ಅವನಿಗೆ ಸಂಶಯದುರ್ಗವಾದೀತು. ಒಂದನ್ನು ಮಾತ್ರ ಸಮಾಧಾನವಾಗಿ ಹೇಳಬಹುದು: ತನಗೆ ಕ್ಷಮೆಯಿಲ್ಲವೆಂಬ ಮಾತನ್ನು ಆಡುವವನು ಪಂಜರದಲ್ಲಿರುವವನು, ಮನೆಯ ಯಜಮಾನನು ಹಾಗೆ ತೀರ್ಪುಕೊಟ್ಟುದಿಲ್ಲ.

ಈ ಕೊರತೆಯನ್ನು ಗ್ರಂಥಕರ್ತನೇ ಕಂಡುಕೊಂಡಿದ್ದನೋ ಎಂಬಂತೆ 1684ರ ಎರಡನೆಯ ಭಾಗವು ಬಹಳ ಮೆತ್ತಗಾಗಿದೆ. ಅಲ್ಲಿ ಯಾತ್ರೆ ಹೊರಡುವವರು ಯಾತ್ರಿಕನ ಹೆಂಡತಿ, ಮಕ್ಕಳು, ನೆರೆಯ ಹುಡುಗಿ. ದಾರಿಯಲ್ಲಿ ಅವರನ್ನು ಸೇರುವವರಲ್ಲಿ ಊರುಗೋಲಿನ ಮೇಲೆ ನಡೆಯುವವನಿರುವನು, ದುರ್ಬಲಮನಸ್ಕನಿರುವನು. ಸಂಶಯದುರ್ಗದಿಂದ ಬಿಡಿಸಿದ ಖಿನ್ನನೂ ಅವನ ಅಂಜುಬುರುಕಿಯಾದ ಮಗಳೂ ಇರುವರು. ಭಯಸ್ಥನೆಂಬ ಒಬ್ಬನ ಕಥೆಯೂ ಅಲ್ಲಿ ಬರುವುದು. ಅವನು ಕೆಸರಿನ ಅಂಚಿನಲ್ಲಿಯೇ ಒಂದು ತಿಂಗಳಿಗೂ ಮೇಲೆ ಗೋಳಾಡುತ್ತ ಬಿದ್ದಿದ್ದನು, ಆದರೆ ಹಿಂದಕ್ಕೆ ಹೋಗಲಿಲ್ಲ. ಈ ದುರ್ಬಲರೆಲ್ಲರೂ ಕೊನೆಗೆ ನದಿಯನ್ನು ದಾಟುವರು. ನಿರಾಶಾದೈತ್ಯನು ಹತನಾಗುವನು, ದುರ್ಗವು ನೆಲಸಮವಾಗುವುದು. ಮೊದಲನೆಯ ಭಾಗವನ್ನು ಮಾತ್ರ ಓದಿ ಪುಸ್ತಕವನ್ನು ಮುಚ್ಚುವವರು ಬನಿಯನ್ನನನ್ನು ಅರ್ಧವೇ ಅರಿತವರು.

ಇನ್ನೊಂದು ಆಕ್ಷೇಪಣೆಯು ಈ ನಾಡಿನ ಮಣ್ಣಿನಿಂದಲೇ ಹುಟ್ಟತಕ್ಕದ್ದು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತೆಂದು ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಈ ಸೀಮೆಯ ಮಕ್ಕಳ ಬಾಯಲ್ಲಿಯೂ ಇದೆ. ಸ್ವಾಮಿಗಳು ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದರೆಂದೂ ದುಡಿದವರಿಗೆ ದುಡಿದಷ್ಟು ದೊರೆಯುತ್ತಿದ್ದಿತೆಂದೂ ಪ್ರತೀತಿ. ಅಶೋಕನ ಶಾಸನವೂ ಪ್ರಯತ್ನದ ಫಲವನ್ನೇ ಹೇಳುವುದು. ಹೀಗಿರುವಾಗ, ತಪ್ಪಿದವನಿಗೂ ಧಾರಾಳವಾಗಿ ದೊರೆಯುವ ಕೃಪೆಯು ದುಡಿಮೆಗೆ ಅವಮಾನವಲ್ಲವೆ? ಅದು ತಪ್ಪನ್ನು ಅಗ್ಗಮಾಡುವುದಿಲ್ಲವೆ?

ಈ ಪ್ರಶ್ನೆಗೆ ಯೇಸುವಿನ ದ್ರಾಕ್ಷಿತೋಟದ ಸಾಮ್ಯವೇ ಎದುರಾಗಿ ನಿಲ್ಲುವುದು. ಬೆಳಗಿನಿಂದ ದುಡಿದವನಿಗೂ ಸಂಜೆ ಒಂದು ಗಳಿಗೆ ದುಡಿದವನಿಗೂ ಒಡೆಯನು ಒಂದೇ ಕೂಲಿಯನ್ನು ಕೊಟ್ಟನು, ಮೊದಲಿನವರು ಗೊಣಗಿದರು. ಒಡೆಯನ ಉತ್ತರವನ್ನು ಎಚ್ಚರಿಕೆಯಿಂದ ಓದಬೇಕು. ಅವನು ಮೊದಲಿನವರಿಗೆ ಒಪ್ಪಿದ ಕೂಲಿಯಲ್ಲಿ ಕಾಸನ್ನೂ ಕಡಿಮೆಮಾಡಲಿಲ್ಲ. ದುಡಿದವನಿಗೆ ದುಡಿದಷ್ಟು ಎಂಬ ಧರ್ಮವು ಅಲ್ಲಿಯೂ ಉಳಿದಿದೆ. ಅದರ ಮೇಲೆ, ತನ್ನ ಸ್ವಂತದ್ದರಿಂದ, ಒಡೆಯನು ಹೆಚ್ಚಾಗಿ ಕೊಟ್ಟನು. ಹಟ್ಟಿಯ ಮಾತು ಮನುಷ್ಯನು ಮನುಷ್ಯನಿಗೆ ಸಲ್ಲಿಸಬೇಕಾದ ನ್ಯಾಯವನ್ನು ಹೇಳುವುದು; ತೋಟದ ಕಥೆಯು ಸಾಲವನ್ನು ತೀರಿಸಲಾರದವನಿಗೆ ಉಳಿದಿರುವ ಬಾಗಿಲನ್ನು ತೋರಿಸುವುದು. ನ್ಯಾಯವನ್ನು ಸುಳ್ಳುಮಾಡಿ ಬರುವ ಕರುಣೆ ಕರುಣೆಯಲ್ಲ. ಜಕ್ಕಾಯನೆಂಬ ಸುಂಕದವನು ಕ್ಷಮೆಯನ್ನು ಪಡೆದ ದಿನವೇ, ಮೋಸದಿಂದ ತೆಗೆದುಕೊಂಡುದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದನು. ಯಾತ್ರಿಕನೂ ಮೂರು ಸಲ ದಾರಿ ನಡೆದನು, ಕಂಬವನ್ನು ನೆಟ್ಟನು. ಆದುದರಿಂದ, ಕ್ಷಮೆಯಾಯಿತೆಂದು ಹೇಳಿಕೊಂಡು ಹೆಂಡತಿಮಕ್ಕಳಿಗೂ ನೆರೆಯವರಿಗೂ ಮಾಡಿದ ಅನ್ಯಾಯವನ್ನು ಸರಿಪಡಿಸದೆ ದೇವಾಲಯದ ಮುಂದಿನ ಸಾಲಿನಲ್ಲಿ ಕೂಡುವವನಿಗೆ ಈ ಗ್ರಂಥದಲ್ಲಿ ಆಶ್ರಯವಿಲ್ಲ. ಸರಿಪಡಿಸಲಾಗದುದನ್ನು ನೆನೆದು ಹಿಂದಿನ ಸಾಲಿನಲ್ಲಿಯೂ ಕೂಡಲು ನಾಚುವವನಿಗೆ ಆಶ್ರಯವಿದೆ.

ಪ್ರಯತ್ನ, ಕೃಪೆ ಎಂಬ ಎರಡರಲ್ಲಿ ಯಾವುದು ಮೊದಲೆಂಬ ವಾದವು ಮತಶಾಸ್ತ್ರಜ್ಞರಿಗೆ ಸೇರಿದುದು. ಅದನ್ನು ಇಲ್ಲಿ ತೀರ್ಮಾನಿಸಬೇಕಾದುದಿಲ್ಲ. ಸಾಹಿತ್ಯದ ದೃಷ್ಟಿಯಿಂದ ಹೇಳತಕ್ಕದ್ದು ಇಷ್ಟು: ಬಿದ್ದವನು ಎದ್ದುದನ್ನು ಚಿತ್ರಿಸುವಾಗ ಅಶೋಕನ ಶಾಸನವು ನಡೆಯುವ ಕಾಲನ್ನು ತೋರಿಸಿದರೆ, ಬನಿಯನ್ನನು ಎದೆಯಲ್ಲಿರುವ ಬೀಗದ ಕೈಯನ್ನೂ ತೋರಿಸಿದನು. ಸೋತ ಭಕ್ತನಿಗೆ ನಡೆ ಎಂದು ಹೇಳುವವರು ಅನೇಕರು. ಅವನಲ್ಲಿ ನಡೆಯುವ ಶಕ್ತಿಯೇ ಉಡುಗಿರುವಾಗ ಏನು ಹೇಳಬೇಕೆಂಬುದು ಕಷ್ಟ. ಆ ಕಷ್ಟದ ಎಡೆಯಲ್ಲಿ ಈ ಪುಸ್ತಕವು ಕೈಬಿಡುವುದಿಲ್ಲ.

ಮೊಳಕಾಲ್ಮೂರಿನ ರೇಷ್ಮೆಯ ಮಗ್ಗಗಳಲ್ಲಿ ಹಾಸಿನ ಎಳೆ ಹರಿಯುವುದು ಆಗಾಗ ನಡೆಯುವ ಸಂಗತಿ. ನೇಕಾರನು ಹರಿದ ಎಳೆಗಾಗಿ ಸೀರೆಯನ್ನು ಕತ್ತರಿಸಿ ಬಿಸಾಡುವುದಿಲ್ಲ, ಹರಿದುದನ್ನು ನೋಡದವನಂತೆ ಲಾಳಿಯನ್ನು ಎಸೆಯುವುದೂ ಇಲ್ಲ. ಕೈ ನಿಲ್ಲಿಸಿ, ಎಳೆಯ ತುದಿಗಳನ್ನು ಹುಡುಕಿ, ಗಂಟುಹಾಕಿ ಮುಂದೆ ನೇಯುವನು. ‘ಯಾತ್ರಿಕನ ಸಂಚಾರ’ವನ್ನು ಕ್ರೈಸ್ತರ ಮನೆಗಳಲ್ಲಿ ಮಾತ್ರ ಓದತಕ್ಕ ಪುಸ್ತಕವೆಂದು ಬದಿಗಿಡುವ ವಾಡಿಕೆಯು ಹೋಗಬೇಕು. ಹಿಂದಣ ಭಾಷಾಂತರದ ಕನ್ನಡವು ಇಂದಿನ ಮಕ್ಕಳ ಕಿವಿಗೆ ದೂರವಾಗಿರುವುದರಿಂದ, ಎರಡು ಭಾಗಗಳನ್ನೂ ಒಳಗೊಂಡ, ಈ ಕಾಲದ ತಿಳಿಗನ್ನಡದ ಆವೃತ್ತಿಯೊಂದು ಮನೆಮನೆಯಲ್ಲಿ ಓದಿಸಿಕೊಳ್ಳಲು ತಕ್ಕುದಾದೀತು. ಅಂಥ ಕೆಲಸಕ್ಕೆ ಕೈಹಾಕುವವರು ಕಂಬದ ಬರೆಹವನ್ನೂ ಭಯಸ್ಥನ ಕಥೆಯನ್ನೂ ಸಂಗ್ರಹದ ನೆಪದಿಂದ ಕೈಬಿಡದಿರಲಿ; ಬಿದ್ದವರಿಗೆ ಹೆಚ್ಚಾಗಿ ಬೇಕಾದ ಪುಟಗಳು ಅವೇ.